ಅಜ್ಜಿಯ ನೀಲಿ ಫೋಟೊ

ಕೊಳ್ಳೇಗಾಲದ ನಮ್ಮ ಮನೆಯ ದೇವರಮನೆಗೆ ಬಣ್ಣ ಬಳಿಸುತ್ತೇನೆಂದು ತಮ್ಮ ಹೋದ ವಾರ ಅಜ್ಜಿಯ ಫೋಟೊ ಕೆಳಗಿಳಿಸಿದ. ಯಳಂದೂರಿನಿಂದ ನಾನೂ ಹೋಗಿದ್ದೆ. ಗಾಜು ಬಿಚ್ಚಿದರೆ ಅಜ್ಜಿಗೆ ಮೂಗಿನಿಂದ ಕೆಳಕ್ಕೆ ಮುಖವೇ ಇಲ್ಲ, ಹುಳ ತಿಂದು ಮುಗಿಸಿದ್ದವು. ಹಳೇ ಕುಂಕುಮ, ಮುಗ್ಗಲು, ಅದರಡಿಯಲ್ಲಿ ಇನ್ನೊಂದು ಸಣ್ಣ ಹುಳಿ ವಾಸನೆ... ಫ್ರೇಮು ಕಟ್ಟುವವರು ನೋಡಿ, "ಫೋಟೊ ಮ್ಯಾಲೆ ಅಂಟು ಇರ್ತದಲ್ಲಾ ಮೇಡಂ, ಅದ್ಕೇ ಬರೋದು ಈ ಉಳ" ಎಂದರು.

"ಯಾವ ಅಂಟು?" ಎಂದು ತಮ್ಮ ಕೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು. ಯಾವ ಅಂಟು ಎಂಬುದು ಇಪ್ಪತ್ತು ವರ್ಷದ ಹಿಂದೆ ಈ ಮನೆಗೆ ಚೆನ್ನಾಗಿ ಗೊತ್ತಿತ್ತು. ಒಬ್ಬರ ಅನ್ನ ಕಿತ್ತುಕೊಳ್ಳುವಷ್ಟು ಚೆನ್ನಾಗಿ ಗೊತ್ತಿತ್ತು.

ಅವರನ್ನು ನಾನು ಸ್ಟುಡಿಯೋದಣ್ಣ ಎನ್ನುತ್ತಿದ್ದೆ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದೊಂದು ಪುಟ್ಟ ಸ್ಟುಡಿಯೋ. ಹನೂರು, ಬಂಡಳ್ಳಿ, ರಾಮಾಪುರದ ಜನವೆಲ್ಲ ಮದುವೆ ಫೋಟೊಗೆ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವರು ಕೇರಿಯವರು. ಸ್ಟುಡಿಯೋದಲ್ಲಿ ಎಂಥ ಆಫೀಸರು ಬಂದರೂ "ಬನ್ನಿ ಸಾ" ಎನ್ನುತ್ತಿದ್ದ ಮನುಷ್ಯ, ನಮ್ಮ ಜಗಲಿಯ ಕೆಳಗೆ ನಿಂತಾಗ ಮಾತ್ರ ನಮ್ಮ ಚಿಕ್ಕಪ್ಪನಿಗೆ, ಆಳು ಒಡೆಯನನ್ನು ಕರೆಯುವಂತೆ, "ಬುದ್ಧಿ" ಎನ್ನುತ್ತಿದ್ದರು. ಅಜ್ಜಿಯ ಫೋಟೊ ತೆಗೆದವರು ಅವರೇ. ರೇಷ್ಮೆಯ ಮಡಿ ಸೀರೆ ಉಟ್ಟ ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿ, ತಾವು ಅಂಗಳದ ಬಿಸಿಲಲ್ಲಿ ನಿಂತು ತೆಗೆದಿದ್ದರು. ಅಜ್ಜಿಯ ಇಡೀ ಬದುಕಿಗೆ ಅದೊಂದೇ ಫೋಟೊ. ತೀರಿಕೊಂಡ ಮೇಲೆ ಅದು ದೇವರಮನೆಗೆ ಹೋಯಿತು. ತೆಗೆದವರು ಎಂದೂ ಆ ಹೊಸ್ತಿಲು ಕಂಡವರಲ್ಲ.

ನಾನಾಗ ಬಿ.ಎಸ್ಸಿ. ಕೊನೆಯ ವರ್ಷ. ಪರೀಕ್ಷೆ ಅರ್ಜಿಗೆ ಫೋಟೊ ತೆಗೆಸಲು ಹೋದವಳು ಹಟಮಾಡಿ ಅವರ ಡಾರ್ಕ್ ರೂಮಿನೊಳಕ್ಕೂ ನುಗ್ಗಿದೆ. ಕೆಂಪು ದೀಪದ ಮಬ್ಬಿನಲ್ಲಿ ಅವರು ಪೊಟ್ಟಣದಿಂದ ಕಾಗದವೊಂದನ್ನು ತೆಗೆದು, ಅದರ ಮೂಲೆಯನ್ನು ತುಟಿಗೆ ಮುಟ್ಟಿಸಿಕೊಂಡರು. ಏನಿದು ಎಂದು ಕೇಳಿದೆ.

"ಎರಡು ಮಗ್ಲಲ್ಲಿ ಯಾವ್ದು ತುಟಿಗೆ ಅಂಟ್ಕತದೋ ಆ ಮಗ್ಲಲ್ಲೇ ಚಿತ್ರ ಮೂಡ್ತದೆ ಅಮ್ಮಣ್ಣಿ. ಮೂಳೆ ಅಂಟು ಅದು. ನಮ್ಮಪ್ಪ ಬಂಡಳ್ಳಿ ಒಲದಲ್ಲೆಲ್ಲ ಸತ್ತ ದನದ ಮೂಳೆ ಆಯ್ದು ಗಾಡಿಗೆ ತುಂಬ್ತಿದ್ನಲ್ಲಾ, ಅದೆಲ್ಲ ಎಲ್ಲಿಗೆ ಓಯ್ತು ಅನ್ಕಂಡ್ರಿ? ಇಲ್ಗೇ ಬಂತು!" ಎಂದು ನಕ್ಕರು.

ಪುಸ್ತಕ ತೆಗೆದು ನೋಡಿದೆ, ನಿಜ. ಜೆಲಟಿನ್ ಎಂಬುದು ದನದ ಮೂಳೆ, ಚರ್ಮ ಬೇಯಿಸಿ ತೆಗೆಯುವ ಅಂಟು. ಬೆಳಕಿಗೆ ಕಪ್ಪಾಗುವ ಬೆಳ್ಳಿಯ ಕಣಗಳನ್ನು ಫಿಲಂ ಮೇಲೆ, ಕಾಗದದ ಮೇಲೆ ಹಿಡಿದಿಡುವುದು ಅದೇ. ಲೋಕದ ಯಾವ ಸ್ಟುಡಿಯೋಗೆ ಹೋದರೂ ಅದೇ ಅಂಟು. ಬಿಸ್ಕತ್ತಿನ ಪೊಟ್ಟಣಕ್ಕೆ ಹಸಿರು ಚುಕ್ಕಿ ಹಾಕುವವರು ಫೋಟೊ ಕಾಗದದ ಪೊಟ್ಟಣಕ್ಕೆ ಒಂದು ಮಾತು ಬರೆದಿರಲಿಲ್ಲ.

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ನಮ್ಮದು ಲಿಂಗ ಕಟ್ಟುವ ಮನೆ, ಮೊಟ್ಟೆ ಹಾಕಿದ ಕೇಕು ಕೂಡ ಒಳಗೆ ಬರುವಂತಿಲ್ಲ. ಅದರ ಮೇಲೆ ಚಿಕ್ಕಪ್ಪನ ಮಡಿಯ ಜಂಬ ಬೇರೆ. ಅವರನ್ನು ರೇಗಿಸಬೇಕೆಂದು ಊಟಕ್ಕೆ ಕೂತಾಗ, "ಚಿಕ್ಕಪ್ಪಾ, ದಿನಾ ಮೂಳೆಗೆ ಊದ್ಗಡ್ಡಿ ಹಚ್ತೀರಲ್ಲ" ಎಂದು ಎಲ್ಲವನ್ನೂ ಒದರಿಬಿಟ್ಟೆ. ಎಲ್ಲರೂ ನಗುತ್ತಾರೆಂದುಕೊಂಡಿದ್ದೆ. ಚಿಕ್ಕಪ್ಪ ಎಲೆ ಬಿಟ್ಟು ಎದ್ದರು.

ಎದ್ದವರು ಬೈದದ್ದು ಕಾಗದ ಮಾಡಿದ ಕಂಪನಿಯನ್ನಲ್ಲ. "ಬೇಕಂತ್ಲೇ ಮಾಡವ್ನೆ. ಜಾತಿ ಬುದ್ಧಿ ಎಲ್ಲೋಯ್ತದೆ!" ಎಂದು ಊರೆಲ್ಲ ಸಾರಿದರು. ಮೊದಲು ಅದೇ ಫೋಟೊವನ್ನು ನಮ್ಮವರದೇ ಇನ್ನೊಂದು ಸ್ಟುಡಿಯೋಗೆ ಕೊಟ್ಟು, ಮೈಸೂರಿನ ಲ್ಯಾಬಿನಲ್ಲಿ "ಡಿಜಿಟಲ್" ಪ್ರತಿ ತೆಗೆಸಿಕೊಂಡರು. ಆಮೇಲೆ ಸ್ಟುಡಿಯೋದಣ್ಣನನ್ನು ಕರೆಸಿ, ಅವರು ಕೊಟ್ಟಿದ್ದ ಫೋಟೊವನ್ನು ಜಗಲಿಯಿಂದ ಅಂಗಳಕ್ಕೆ ಎಸೆದರು. ಚಿತ್ರ ಬೇಕು, ತೆಗೆದವನು ಬೇಡ! ಕಂಪ್ಯೂಟರು ಬೆಳಕು ಬಿಡುವ ಆ ಮೈಸೂರಿನ ಕಾಗದಕ್ಕೂ ಅದೇ ಮೂಳೆ ಅಂಟು ಎಂದು ನಾನು ಗಂಟಲು ಹರಿದುಕೊಂಡೆ. "ಕಂಪ್ಯೂಟ್ರಿಂದ ಬರೋದ್ಕೆ ಎಂಥ ಮೂಳೆ, ಸುಮ್ನಿರು" ಎಂದರು. ಸ್ಟುಡಿಯೋದಣ್ಣ ಬಗ್ಗಿ ಫೋಟೊ ಎತ್ತಿಕೊಂಡು, ಮಣ್ಣನ್ನು ಅಂಗಿಗೆ ಒರೆಸಿ, "ಆಯ್ತು ಬುದ್ಧಿ" ಎಂದು ಹೊರಟುಹೋದರು.

ಆ ವರ್ಷ ನಮ್ಮವರ ಮದುವೆಗಳೆಲ್ಲ ಇನ್ನೊಂದು ಸ್ಟುಡಿಯೋ ಪಾಲಾದವು. ಅಲ್ಲಿ ಮೂಳೆಯಿಲ್ಲದ ಫೋಟೊ ಸಿಗುತ್ತದಂತೆ! ವಿದ್ಯಾವಂತರೂ ಇದನ್ನು ನಂಬಿದರು, ಅಥವಾ ನಂಬುವುದು ಅವರಿಗೆ ಅನುಕೂಲವಾಗಿತ್ತು.

ತಪ್ಪೊಪ್ಪಿಕೊಳ್ಳಲು ಹೋದಾಗ ಸ್ಟುಡಿಯೋದಣ್ಣ ನನ್ನನ್ನು ಒಂದು ಮಾತೂ ಬೈಯಲಿಲ್ಲ. "ಅಂಟೇ ಇಲ್ದೆ ಚಿತ್ರ ಮಾಡಕಾಯ್ತದಾ? ನಿಮ್ ಪುಸ್ತಕದಲ್ಲಿ ನೋಡಿ ಅಮ್ಮಣ್ಣಿ" ಎಂದರು. ಇತ್ತು. ಕಬ್ಬಿಣದ ಒಂದೆರಡು ಲವಣಗಳನ್ನು ನೀರಿನಲ್ಲಿ ಕದಡಿ ಕಾಗದಕ್ಕೆ ಬಳಿದು ಬಿಸಿಲಿಗಿಟ್ಟರೆ ನೀಲಿ ಚಿತ್ರ ಮೂಡುತ್ತದೆ. ಹಿಂದೆ ಕಟ್ಟಡದ ನಕ್ಷೆಗಳನ್ನು ಹಾಗೆಯೇ ತೆಗೆಯುತ್ತಿದ್ದರು. ಕಾಲೇಜಿನ ಲ್ಯಾಬಿನವರನ್ನು ಕಾಡಿ ಬೇಡಿ ಲವಣ ತಂದುಕೊಟ್ಟೆ. ಫಿಲಮಿನಲ್ಲೂ ಮೂಳೆ ಅಂಟಿರುವುದರಿಂದ ಅದನ್ನೂ ಮುಟ್ಟುವುದಿಲ್ಲವೆಂದು ಅವರು ಪಣ ತೊಟ್ಟರು. ಅಂಗಳದಲ್ಲಿ ಎತ್ತಿಕೊಂಡಿದ್ದ ಫೋಟೊದಿಂದ ಅಜ್ಜಿಯ ಚಿತ್ರವನ್ನು ಕಂಪ್ಯೂಟರಿನ ಅಂಗಡಿಯಲ್ಲಿ ಕಪ್ಪು ಬಿಳಿ ತಿರುಗುಮುರುಗಾಗಿ ಸಾದಾ ಕಾಗದದ ಮೇಲೆ ತೆಗೆಸಿ, ಬೆಳಕು ಹಾಯಲೆಂದು ಅದಕ್ಕೆ ಹರಳೆಣ್ಣೆ ಸವರಿ, ಲವಣ ಬಳಿದ ಹಾಳೆಯ ಮೇಲಿಟ್ಟು ಬಿಸಿಲಿಗೊಡ್ಡಿದರು. ಮೂರು ಭಾನುವಾರ ಕೆಟ್ಟಿತು. ನಾಲ್ಕನೆಯದಕ್ಕೆ ಸ್ಟುಡಿಯೋದ ತಾರಸಿಯ ಮೇಲೆ ಒಂದು ಬೇಸಿನ್ ನೀರಿನಲ್ಲಿ ಅಜ್ಜಿ ಮೆಲ್ಲಗೆ ಮೂಡಿದಳು. ಸೀರೆಯ ಅಂಚು, ಹಣೆಯ ವಿಭೂತಿ, ನಗೆ... ಎಲ್ಲವೂ ನೀಲಿ. ಅಣ್ಣ ಹಾಳೆಯ ಅಂಚು ಹಿಡಿದು ಅವಳನ್ನು ನೀರಿನಿಂದ ಎತ್ತಿದರು.

ಮಾರನೆಯ ದಿನ ಅದನ್ನು ಹಿಡಿದುಕೊಂಡು ನಮ್ಮ ಜಗಲಿಯ ಮುಂದೆ ಬಂದು ನಿಂತರು. "ಇದ್ರಲ್ಲಿ ಮೂಳೆ ಇಲ್ಲ, ಚರ್ಮ ಇಲ್ಲ, ನೀರು ಬಿಸ್ಲು ಅಷ್ಟೆ. ಇಟ್ಕಳಿ" ಎಂದರು. ಚಿಕ್ಕಪ್ಪ ಕೈ ಚಾಚಲಿಲ್ಲ.

"ಏನ್ಲಾ ಇದು, ವಿಷ ಕುಡ್ದ ಎಣದಂಗೆ ನೀಲಿ ಮುಖ! ತಕಂಡೋಗ್ಲಾ" ಎಂದರು. ಬೆಳಗಾದರೆ ನಂಜುಂಡನ ಪಟಕ್ಕೆ ಕೈಮುಗಿಯುವ ಮನುಷ್ಯ! ಆ ಪಟದ ಕೊರಳು ಯಾವ ಬಣ್ಣವೆಂದು ನಾನಾದರೂ ಅಂದೇ ಕೇಳಬೇಕಿತ್ತು. ಬಾಗಿಲ ಮರೆಯಲ್ಲಿ ನಿಂತಿದ್ದೆ, ಬಾಯಿ ಬರಲಿಲ್ಲ. ಊಟದೆಲೆಯ ಮುಂದೆ ಅಷ್ಟು ಉದ್ದ ಬಂದಿದ್ದ ಬಾಯಿ ಅದು.

ನಮ್ಮ ಹಿತ್ತಲಿನ ಶೆಡ್ಡಿನಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರು. ಗೂಡು ಬೇಯುವ ನಾತ ಬೀದಿಯವರೆಗೂ ಬರುತ್ತಿತ್ತು. ಸ್ಟುಡಿಯೋದಣ್ಣ ಆ ಕಡೆ ಒಮ್ಮೆ ನೋಡಿದರು.

"ಸಾ," ಎಂದರು. ಬುದ್ಧಿ ಎನ್ನಲಿಲ್ಲ. "ಅಜ್ಜವ್ವಾರು ಉಟ್ಟವ್ರಲ್ಲಾ ಮಡಿ ಸೀರೆ, ಅದ್ರ ಗೂಡೊಳ್ಗೆ ಉಳ ಇರ್ನಿಲ್ವಾ ಸಾ?"

ಚಿಕ್ಕಪ್ಪ ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ಅಣ್ಣ ಪೂರ್ತಿ ಕೇಳಿಸಿಕೊಂಡೇ ಹೋದರು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಆ ಚಿತ್ರವನ್ನು ನನ್ನ ಕೈಗಿತ್ತರು. "ಬೆಳಕಲ್ಲಿ ಮಾಸ್ತದೆ ಅಮ್ಮಣ್ಣಿ. ಮಾಸುದ್ರೆ ಕತ್ತಲಲ್ಲಿಡಿ, ತಿರ್ಗಾ ಬತ್ತದೆ."

ವರ್ಷದೊಳಗೆ ಸ್ಟುಡಿಯೋ ಮುಚ್ಚಿತು. ರಾಮಾಪುರದ ಬಸ್ ಸ್ಟಾಪಿನ ಜೆರಾಕ್ಸ್ ಅಂಗಡಿಯಲ್ಲಿ ಅವರು ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಿದ್ದರೆಂದು ಯಾರೋ ಹೇಳಿದ್ದರು. ಹೋಗಬೇಕು ಹೋಗಬೇಕು ಎಂದುಕೊಂಡೇ ಇದ್ದೆ... ಹೋದ ವರ್ಷ ಹೋದಾಗ ಅವರು ತೀರಿಕೊಂಡು ಆರು ತಿಂಗಳಾಗಿತ್ತು.

ಹುಳ ತಿಂದ ಆ ಮೈಸೂರಿನ ಪ್ರತಿಯನ್ನು ಮಡಿಲಲ್ಲಿಟ್ಟುಕೊಂಡು ತಮ್ಮ ಹೋದ ವಾರ ಕೇಳಿದ. "ಅಕ್ಕ, ಆ ನೀಲಿ ಫೋಟೊ ನಿನ್ನತ್ರ ಅದೆಯಲ್ಲ, ಕೊಡು. ಕಲರ್ ಮಾಡ್ಸಿ ದೇವರಮನೆಗೆ ಆಕಾನ." ಕೊಡುವುದಿಲ್ಲ ಎಂದೆ. ತೆಗೆದವರನ್ನು ಒಳಗೆ ಬಿಡದ ಮನೆಗೆ ಅವರ ಕೈಕೆಲಸವನ್ನು ಕಳಿಸಲು ನನಗೆ ಮನಸ್ಸಿಲ್ಲ. ತಮ್ಮನಿಗೆ ಸಿಟ್ಟು ಬಂತು, ಬರಲಿ.

ಯಳಂದೂರಿಗೆ ಬಂದವಳೇ ಟ್ರಂಕು ತೆಗೆದೆ. ಇಷ್ಟು ವರ್ಷ ಕತ್ತಲಲ್ಲಿದ್ದ ಅಜ್ಜಿ ಕಡುನೀಲಿಯಾಗಿ ನಗುತ್ತಿದ್ದಳು. ಒಂದು ಹುಳವೂ ಮುಟ್ಟಿರಲಿಲ್ಲ. ಅಂಚಿನಲ್ಲಿ ಅಣ್ಣನ ಹೆಬ್ಬೆರಳಿನ ಗುರುತು ಕೂಡ ಹಾಗೇ ಇತ್ತು. ತೆಗೆದವರು ಯಾರೆಂದು ನನ್ನ ನಂತರದವರಿಗೂ ತಿಳಿಯಲಿ ಎಂದು ಚಿತ್ರ ಮಗುಚಿ ಪೆನ್ನು ಹಿಡಿದೆ. ಹಿಡಿದವಳು ಹಾಗೇ ಕೂತೆ. ಕೊನೆಗೆ ತಮ್ಮನಿಗೇ ಫೋನು ಮಾಡಿ ಸ್ಟುಡಿಯೋದಣ್ಣನ ಹೆಸರು ಕೇಳಿದೆ.

"ಅವ್ನ ಎಸ್ರಾ?" ಎಂದ. "ಫೋಟೊದೋನು ಅಂತಿದ್ವಲ್ಲಕ್ಕ."

ನಾನೂ ಒಮ್ಮೆಯೂ ಕೇಳಿರಲಿಲ್ಲ. ಚಿತ್ರದ ಹಿಂಬದಿ ಇನ್ನೂ ಖಾಲಿ ಇದೆ.