ತನಗೆ ತಾನೇ ಸೊನ್ನೆ ಕೊಟ್ಟುಕೊಂಡ ಟೀಚರ್

ಕಾರು ಓಡಿಸಲು ಕಲಿಸುವುದು ನನ್ನ ಕಸುಬು. ಬ್ರೇಕ್ ಎಂದರೆ ಆಕ್ಸಿಲರೇಟರ್ ಒತ್ತುವವರನ್ನೂ, ಗೇರ್ ಹಾಕುವಾಗ ಕಣ್ಣು ಮುಚ್ಚುವವರನ್ನೂ ದಡ ಮುಟ್ಟಿಸಿದ್ದೇನೆ. ನನ್ನ ತಲೆ ತಿಂದದ್ದು ಮಾತ್ರ, ಎಲ್ಲರಿಗಿಂತ ಚೆನ್ನಾಗಿ ಓಡಿಸುತ್ತಿದ್ದ ಲೆಕ್ಕದ ಟೀಚರ್.

ನಿವೃತ್ತರಾಗಿ ಎರಡು ವರ್ಷವಾಗಿತ್ತು. ನೂರಕ್ಕೆ ತೊಂಬತ್ತೊಂಬತ್ತು ತೆಗೆದ ಮಗುವಿನ ಅಪ್ಪನನ್ನೂ ಶಾಲೆಗೆ ಕರೆಸಿದ ಮಹಾತಾಯಿ! ಲೈಸೆನ್ಸಿನ ಪರೀಕ್ಷೆಗೆ ನಾಲ್ಕು ಸಲ ಹೋದರು. ಇನ್‌ಸ್ಪೆಕ್ಟರ್ ಒಂದು ಸಲವೂ ಫೇಲು ಮಾಡಲಿಲ್ಲ, ಪಾಪ, ಅವರಿಗೆ ಅವಕಾಶವಾದರೂ ಎಲ್ಲಿತ್ತು? ಒಮ್ಮೆ ಇಂಡಿಕೇಟರ್ ಹಾಕುವುದು ಚೂರು ತಡವಾಯಿತು. ಒಮ್ಮೆ ಗೆರೆಗಿಂತ ಗೇಣು ಮುಂದೆ ನಿಂತರು. ಏನಾದರೂ ಸರಿ, ತಕ್ಷಣ ಎಂಜಿನ್ ಆರಿಸಿ, ಇಳಿದು, "ನಾನು ಫೇಲು" ಎಂದು ಘೋಷಿಸಿ ನಡೆದೇಬಿಡುತ್ತಿದ್ದರು.

ನನಗೆ ಮೈಯೆಲ್ಲಾ ಉರಿಯಿತು. "ಅಲ್ಲ ಟೀಚರ್, ಫೇಲು ಮಾಡೋದು ಅವರ ಕೆಲಸ. ಅದನ್ನೂ ನೀವೇ ಮಾಡಿದ್ರೆ ಅವರೇನು ಕೂತು ನೊಣ ಹೊಡೀಬೇಕಾ?"

"ತಪ್ಪು ಅಂದ್ರೆ ತಪ್ಪೇ ಕಣಪ್ಪ."

ಮನೆಯಲ್ಲಿ ಟೀಚರ ಯಜಮಾನರಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಬೇಕು. ಅಷ್ಟು ದಿನ ಕರೆದೊಯ್ಯುತ್ತಿದ್ದ ಪಕ್ಕದ ಮನೆಯವರು ಊರು ಬಿಡುವವರಿದ್ದರು. ಟೀಚರ ಕಲಿಕೆಯ ಲೈಸೆನ್ಸೂ ಆ ವಾರಕ್ಕೇ ಮುಗಿಯುತ್ತಿತ್ತು. ಹಾಗಾಗಿ ಐದನೇ ಪರೀಕ್ಷೆಯ ಬೆಳಿಗ್ಗೆ ನಾನೊಂದು ಕಿತಾಪತಿ ಮಾಡಿದೆ. ಚಾಲಕರ ಬಾಗಿಲಿನ ಒಳಗಿನ ಹಿಡಿಯನ್ನೇ ಬಿಚ್ಚಿಟ್ಟೆ.

ಮೈದಾನದಲ್ಲಿ ದಾರಿಯ ಗುರುತಿಗೆ ಇಟ್ಟಿದ್ದ ಡ್ರಮ್ಮುಗಳ ನಡುವೆ ಟೀಚರ್ ನೀಟಾಗಿ ಬಂದರು. ಕೊನೆಯ ತಿರುವಿನಲ್ಲಿ ಬಂಪರು ಒಂದು ಡ್ರಮ್ಮನ್ನು ಸವರಿತು. ಕಾರು ನಿಂತಿತು. ಅವರ ಕೈ ಬಾಗಿಲಿಗೆ ಹೋಯಿತು, ತಡಕಿತು, ಇನ್ನೊಮ್ಮೆ ತಡಕಿತು. ಗಾಜಿನಾಚೆ ನಿಂತಿದ್ದ ನನ್ನನ್ನು ಸುಟ್ಟುಬಿಡುವಂತೆ ನೋಡಿದರು. ನಾನು ಆಕಾಶ ನೋಡಿದೆ. ಇನ್ನೊಂದು ಕಡೆಯಿಂದ ಇಳಿಯಬೇಕೆಂದರೆ ಪಕ್ಕದ ಸೀಟಿನಲ್ಲಿ ಕೂತಿದ್ದ ಇನ್‌ಸ್ಪೆಕ್ಟರರನ್ನು ದಾಟಬೇಕು, ಅಷ್ಟು ಧೈರ್ಯ ಟೀಚರಿಗೂ ಇರಲಿಲ್ಲ. ಬೇರೆ ದಾರಿಯಿಲ್ಲದೆ ರಿವರ್ಸ್ ತೆಗೆದು, ಸರಿಮಾಡಿಕೊಂಡು, ಮುಗಿಸಿಕೊಂಡು ಬಂದರು. ನಾನು ಓಡಿಹೋಗಿ ಹೊರಗಿನಿಂದ ಬಾಗಿಲು ತೆಗೆದೆ.

"ಪಾಸು" ಎಂದರು ಇನ್‌ಸ್ಪೆಕ್ಟರ್.

"ಡ್ರಮ್ಮಿಗೆ ತಾಗಿಸಿದೆನಲ್ಲ, ನೋಡ್ಲಿಲ್ವಾ?"

"ನೋಡಿದೆ ಮೇಡಂ. ತಾಗಿದ ಮೇಲೆ ಏನು ಮಾಡ್ತೀರಿ ಅಂತಾನೂ ನೋಡಬೇಕಲ್ಲ. ನಾಲ್ಕು ಸಲ ನೀವು ತೋರಿಸ್ಲೇ ಇಲ್ಲ."

ಮನೆಯವರೆಗೂ ಟೀಚರೇ ಓಡಿಸಿದರು, ಬೈಗುಳಕ್ಕೆ ಹೆದರಿ ನಾನು ಹಿಂದಿನ ಸೀಟಿನಲ್ಲಿ ಕೂತೆ. ಯಜಮಾನರು ಗೇಟು ಹಿಡಿದು ಕಾಯುತ್ತಿದ್ದರು.

"ಏನಾಯ್ತೇ?"

"ಬರೀ ಪಾಸು ರೀ," ಎಂದರು ಟೀಚರ್, ತಲೆ ತಗ್ಗಿಸಿ.

"ಆಸ್ಪತ್ರೆಗೆ ಹೋಗೋಕೆ ಅಷ್ಟು ಸಾಕು ಕಣೇ," ಎಂದು ಅವರು ಮುಂದಿನ ಸೀಟಿನ ಬಾಗಿಲು ತೆಗೆದರು.