ಹಿರೇಹಳ್ಳಿ ಬಸ್ಸಿನ ಅರ್ಧ ಹಾಡು

ನಮ್ಮ ರಾಕ್ ಬ್ಯಾಂಡಿಗೆ ಆಗ ಫೋನಿನಲ್ಲಿ ನಲವತ್ತೊಂದು ಜನ ಫಾಲೋವರ್‌ಗಳಿದ್ದರು. ಅದರಲ್ಲಿ ಎರಡು ಅಕೌಂಟು ನಮ್ಮ ಚಿಕ್ಕಮ್ಮನವೇ. ಮೊದಲನೆಯದರ ಪಾಸ್‌ವರ್ಡ್ ಮರೆತು ಇನ್ನೊಂದು ತೆಗೆದಿದ್ದಳು. ಉಳಿದವರಲ್ಲೂ ಅರ್ಧಕ್ಕರ್ಧ ನೆಂಟರು. ನೆಂಟರನ್ನು ಅಭಿಮಾನಿಗಳು ಅನ್ನುವುದೂ ಒಂದೇ, ಮನೆಯ ನಾಯಿ ಬಾಲ ಅಲ್ಲಾಡಿಸಿತು ಎಂದು ಬೀಗುವುದೂ ಒಂದೇ ಎಂದು ನಾನು ಒಮ್ಮೆ ಹೇಳಿದೆ. ಚಿಕ್ಕಮ್ಮ ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು.

ನಾವಿದ್ದದ್ದು ಮೂವರು. ನಾನು ಹಾಡುತ್ತಿದ್ದೆ, ಹಗಲಲ್ಲಿ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಗಿಟಾರಿನವನದು ಕುಣಿಗಲ್‌ನಲ್ಲಿ ಮೊಬೈಲ್ ರಿಪೇರಿ ಅಂಗಡಿ. ಡ್ರಮ್ಸ್ ಬಾರಿಸುವವನು ಗುಬ್ಬಿಯವನು, ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಗೆ ಕ್ಯಾಬ್ ಓಡಿಸುತ್ತಿದ್ದ. ಪ್ರತಿ ಭಾನುವಾರ ತುಮಕೂರಿನ ಪಕ್ಕದ ಸತ್ಯಮಂಗಲದ ಒಂದು ಲೇತ್ ವರ್ಕ್‌ಶಾಪಿನ ಶೆಡ್ಡಿನಲ್ಲಿ ಅಭ್ಯಾಸ. ಅಲ್ಲಿ ಎಷ್ಟು ಸದ್ದು ಮಾಡಿದರೂ ಬೈಯುವವರಿರಲಿಲ್ಲ, ಕೇಳುವವರೂ ಇರಲಿಲ್ಲ.

ತುಮಕೂರಿನ ಒಂದು ಹೋಟೆಲಿನ ಟೆರೇಸಿನಲ್ಲಿ ನುಡಿಸಿದಾಗ ಹನ್ನೊಂದು ಜನ ಬಂದಿದ್ದರು. ಎಂಟು ಜನ ನಮ್ಮವರು, ಮಿಕ್ಕ ಮೂವರು ಗೋಬಿ ಮಂಚೂರಿಗೆ ಕಾಯುತ್ತಿದ್ದವರು. ಕುಣಿಗಲ್‌ನಲ್ಲಿ ಗಿಟಾರಿನವನ ಬಂಧುಬಳಗವೆಲ್ಲ ಬಂದು, ನಾನು ಹಾಡುತ್ತಿರುವಾಗಲೇ ಅವನಿಗೆ ಹೆಣ್ಣು ಗೊತ್ತು ಮಾಡುವ ಮಾತುಕತೆ ಮುಗಿಸಿಕೊಂಡು ಎದ್ದರು. ಅದಾದ ಮೇಲೆ ಡ್ರಮ್ಸಿನವನು ಮಂಕಾದ. ಮದುವೆಗಳಲ್ಲಿ ಹಾಡುವ ಒಂದು ಆರ್ಕೆಸ್ಟ್ರಾದವರು ಅವನನ್ನು ಕರೆಯುತ್ತಿದ್ದರು.

"ಅಕ್ಕಾ, ಗುಬ್ಬೀಲಿ ಒಂದೇ ಒಂದ್ಸಲ ನೋಡನ," ಅಂದ. "ನೆಂಟ್ರ ಬುಟ್ಟು ಹೊರಗಿನೋರು ಬಂದ್ರೆ ಇರ್ತೀನಿ. ಇಲ್ಲಾಂದ್ರೆ ಆರ್ಕೆಸ್ಟ್ರಾಗೆ ಹೊಯ್ತೀನಿ. ಬೇಜಾರ್ ಮಾಡ್ಕಬ್ಯಾಡ."

"ಹೋಗೋ, ಯಾರು ತಡ್ದವ್ರೆ ನಿನ್ನ!" ಎಂದು ರೇಗಿದೆ. ಮನೆಗೆ ಬಂದು ಅತ್ತುಬಿಟ್ಟೆ. ಅವನಿಲ್ಲದೆ ಬ್ಯಾಂಡಿಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

ಮಾರನೆಯ ದಿನ ಕಾರ್ಖಾನೆ ಬಸ್ಸಿನ ಡ್ರೈವರಣ್ಣನ ಕೈಗೆ ನಮ್ಮ ಒಂದು ಹಾಡು ತುಂಬಿದ ಪೆನ್‌ಡ್ರೈವ್ ಇಟ್ಟೆ. ಯಾರ ಹಾಡೆಂದು ಹೇಳಲಿಲ್ಲ. ಗುಬ್ಬಿಯಲ್ಲಿ ಹೊರಟು ತುಮಕೂರಿನಲ್ಲಿ ನಮ್ಮನ್ನೆಲ್ಲ ಹತ್ತಿಸಿಕೊಂಡು ಹಿರೇಹಳ್ಳಿಗೆ ಹೋಗುವ ಬಸ್ಸು ಅದು. ಒಂದು ನಿಮಿಷ ಕೇಳಿ ಅವರು ಮುಖ ಸಿಂಡರಿಸಿದರು. "ಏನವ್ವಾ ಇದು, ಗುಜರಿ ಲಾರಿ ಹಳ್ಳಕ್ಕೆ ಬಿದ್ದಂಗೈತೆ!"

ಆದರೂ ಮರುದಿನ ಹಾಕಿದರು. ಕ್ಯಾತ್ಸಂದ್ರ ದಾಟುವ ಹೊತ್ತಿಗೆ ಬಸ್ಸಿಗೆ ಬಸ್ಸೇ ತೂಕಡಿಸುತ್ತಿರುತ್ತದೆ, ಕಾರ್ಖಾನೆಯ ಗೇಟು ಬರುವುದರೊಳಗೆ ಎಲ್ಲರನ್ನೂ ಎಬ್ಬಿಸಬೇಕು. "ಈ ಹಾಡು ಹಾಕುದ್ರೆ ಕುಂಭಕರ್ಣನೂ ಎದ್ದು ಟಿಫನ್ ಬಾಕ್ಸ್ ಹುಡುಕ್ತಾನೆ," ಎಂದು ಅವರಿಗೆ ಖಾತ್ರಿಯಾಯಿತು. ಅಂದಿನಿಂದ ದಿನವೂ ಅದೇ ಹಾಡು. ತಿಂಗಳೊಳಗೆ "ಸೈರನ್ನು ಕೂಗ್ಲಿ ಬುಡು, ಕಾಫಿ ಕುಡ್ದು ಬರ್ತೀವಿ" ಎಂದು ಇಡೀ ಬಸ್ಸು ಹಾಡತೊಡಗಿತು. ನಾನು ಕಿಟಕಿಯ ಕಡೆ ತಿರುಗಿ ಒಳಗೊಳಗೇ ಹಿಗ್ಗುತ್ತಿದ್ದೆ.

ಒಂದೇ ಕೊರಗು. ಎರಡನೆಯ ಚರಣ ಮುಗಿಯುವಷ್ಟರಲ್ಲಿ ಗೇಟು ಬರುತ್ತಿತ್ತು, ಜನ ಇಳಿಯಲು ಏಳುತ್ತಿದ್ದರು, ಡ್ರೈವರಣ್ಣ ಕೀಲಿ ತಿರುಗಿಸುತ್ತಿದ್ದರು, ಹಾಡು ಗಪ್ಪನೆ ನಿಲ್ಲುತ್ತಿತ್ತು. ಅದರ ಮುಂದೆಯೇ ಇದ್ದದ್ದು ಡ್ರಮ್ಸಿನವನು ಒಬ್ಬನೇ ಬಾರಿಸುವ ಭಾಗ. ಅದಕ್ಕಾಗಿ ಅವನು ಒಂದು ಮಳೆಗಾಲ ಪೂರ್ತಿ ಬೆವರು ಸುರಿಸಿದ್ದ. ಬಸ್ಸಿನಲ್ಲಿ ಅದನ್ನು ಒಬ್ಬರೂ ಕೇಳಿರಲಿಲ್ಲ.

ಗುಬ್ಬಿಯ ಕಾರ್ಯಕ್ರಮದ ಹಿಂದಿನ ದಿನ, ಶನಿವಾರ, ಪಕ್ಕದಲ್ಲಿ ಕೂತಿದ್ದ ಹಿರಿಯಕ್ಕ ಹಾಡು ಕೇಳುತ್ತಾ ನಿಟ್ಟುಸಿರು ಬಿಟ್ಟರು. "ಪಾಪ, ಯಾರ್ ಮನೆ ಹೆಣ್ಣೋ, ಹಿಂಗೆ ಗಂಟ್ಲು ಹರ್ಕಂತಾಳೆ. ಏನ್ ಕಷ್ಟನೋ ಏನೋ."

ನನ್ನ ಮೂಗಿನ ತುದಿಯಲ್ಲೇ ಕೋಪ. "ಕಷ್ಟನೂ ಇಲ್ಲ ಗಿಷ್ಟನೂ ಇಲ್ಲ, ಅದು ನಾನೇ!" ಎಂದುಬಿಟ್ಟೆ.

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. "ಎಲಾ ಇವಳ!" ಎಂದರು ಡ್ರೈವರಣ್ಣ. ನಾಳೆ ಗುಬ್ಬಿಯಲ್ಲಿ ನಮ್ಮ ಕಾರ್ಯಕ್ರಮ ಇದೆ ಎಂದೆ. ಎಲ್ಲಿ, ಎಷ್ಟು ಹೊತ್ತಿಗೆ ಎಂದು ಕೇಳಿದವರಿಗೆಲ್ಲ ಹೇಳಿದೆ. ಬರುತ್ತಾರೆಂಬ ನಂಬಿಕೆಯಿಲ್ಲದೆ ಬ್ಯಾಂಡಿನವರಿಗೆ ಮಾತ್ರ ತಿಳಿಸಲಿಲ್ಲ.

ಭಾನುವಾರ ಸಂಜೆ ನಾಲ್ಕಕ್ಕೆ ಗುಬ್ಬಿಯ ಸಮುದಾಯ ಭವನದಲ್ಲಿ ಬರೀ ಕುರ್ಚಿಗಳು. ನೆಂಟರಿಗೆ ಬರಬೇಡಿ ಎಂದು ನಾವೇ ಕಟ್ಟುನಿಟ್ಟಾಗಿ ಹೇಳಿದ್ದೆವು. ಡ್ರಮ್ಸಿನವನು ತಲೆಯೆತ್ತದೆ ಸ್ಟ್ಯಾಂಡಿನ ತಿರುಪು ಬಿಗಿಮಾಡುತ್ತಲೇ ಇದ್ದ. ಅಷ್ಟರಲ್ಲಿ ಬಾಗಿಲಲ್ಲಿ ಡ್ರೈವರಣ್ಣ, ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ. ಅವರ ಹಿಂದೆ ಪ್ಯಾಕಿಂಗಿನ ಹೆಂಗಸರು, ಅವರ ಹಿಂದೆ ಮೆಷಿನ್ ಶಾಪಿನವರು. ಬಂದರು, ಬರುತ್ತಲೇ ಇದ್ದರು.

"ನಿಮ್ ಕಡೆ ನೆಂಟ್ರಾ?" ಎಂದು ಅವನು ಪಿಸುಗುಟ್ಟಿದ.

"ಅಲ್ಲ ಕಣೋ. ನಮ್ ಬಸ್ಸಿನೋರು."

ಹಾಡು ಶುರುವಾಯಿತು. ನನಗಿಂತ ಜೋರಾಗಿ ಅವರೇ ಹಾಡಿದರು. ನನಗೆ ನಗುವೂ ಅಳುವೂ ಒಟ್ಟಿಗೆ ಬಂತು. ಎರಡನೆಯ ಚರಣದ ಕೊನೆಯ ಸಾಲು ಬಂದದ್ದೇ ತಡ, ಅಷ್ಟೂ ಜನ ದಡಕ್ಕನೆ ಎದ್ದು ನಿಂತರು! ಬ್ಯಾಗು ಹೆಗಲಿಗೇರಿಸಿದರು. ಹಿರಿಯಕ್ಕನ ಕೈ ತಲೆಯ ಮೇಲೆ ಇಲ್ಲದ ರ‍್ಯಾಕನ್ನು ತಡಕಾಡಿತು. ಡ್ರಮ್ಸಿನವನು ಕೋಲೆತ್ತಿದವನು ಹಾಗೇ ಉಳಿದುಬಿಟ್ಟ. ಜನ ಎದ್ದು ಹೊರಟರೆಂದೇ ಅವನಿಗೆ ಅನ್ನಿಸಿತ್ತು. ಅವನ ಮುಖ ನೋಡಲಾಗಲಿಲ್ಲ.

"ಕೂತ್ಕಳ್ರೀ ಎಲ್ಲಾ!" ಎಂದು ಮೈಕಿನಲ್ಲೇ ಕಿರುಚಿದೆ. "ಗೇಟು ಇನ್ನೂ ಬಂದಿಲ್ಲ! ಹಾಡು ಇನ್ನೂ ಅರ್ಧ ಐತೆ!"

ಒಂದು ಕ್ಷಣ ಎಲ್ಲರೂ ಮುಖ ಮುಖ ನೋಡಿಕೊಂಡರು. ಆಮೇಲೆ ಭವನವೇ ಹಾರಿಹೋಗುವಂಥ ನಗು. ನಗುತ್ತಲೇ ಕೂತರು. "ಬಾರ್ಸೋ," ಎಂದೆ ಅವನಿಗೆ.

ಅವನು ಬಾರಿಸಿದ. ಶೆಡ್ಡಿನಲ್ಲಿ ಯಾವತ್ತೂ ಹಾಗೆ ಬಾರಿಸಿದವನಲ್ಲ. ಗುಬ್ಬಿ ನಾಟಕದ ಊರು, ಮೆಚ್ಚಿದ್ದನ್ನು ಇನ್ನೊಮ್ಮೆ ಕೇಳದೆ ಬಿಡುವವರಲ್ಲ. ಮುಗಿಯುತ್ತಲೇ ಹಿಂದಿನಿಂದ ಒಂದು ಮುದಿ ದನಿ "ಒನ್ಸ್ ಮೋರ್!" ಎಂದಿತು. ಆಮೇಲೆ ಎಲ್ಲರದೂ ಅದೇ ಕೂಗು. ಅವನು ಮೂರು ಸಲ ಬಾರಿಸಿದ. "ಇಷ್ಟ್ ಚೆಂದಾಗಿರೋದ್ನ ದಿನಾ ಆಫ್ ಮಾಡ್ತಿದ್ರಲ್ಲ!" ಎಂದು ಹೆಂಗಸರು ಡ್ರೈವರಣ್ಣನನ್ನು ತರಾಟೆಗೆ ತೆಗೆದುಕೊಂಡರು. ಅವರು ಕೈ ಮುಗಿದು, ನಾಳೆಯಿಂದ ತುಮಕೂರು ಬಿಟ್ಟ ತಕ್ಷಣವೇ ಹಾಕುತ್ತೇನೆಂದು ಒಪ್ಪಿಕೊಂಡರು.

ಜನ ಹೋದ ಮೇಲೆ ಡ್ರಮ್ಸಿನವನು ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ. ಬೆವರೊಂದೇ ಅಲ್ಲ ಎಂದು ಗೊತ್ತಿದ್ದೂ ನಾನು ರೇಗಿಸಲಿಲ್ಲ. ಅವನು ಫೋನು ತೆಗೆದು ನನ್ನ ಕೈಗಿಟ್ಟ.

"ಆರ್ಕೆಸ್ಟ್ರಾದೋರ್ಗೆ ನೀನೇ ಹೇಳಕ್ಕ, ಅವ್ನು ಬರಲ್ಲ ಅಂತ. ನಾನು ಬರ್ತೀನಿ ಅಂತ ನಿನ್ನೇನೇ ಅಂದ್ಬುಟ್ಟಿದ್ದೆ."