ವರಾಂಡದ ಸ್ಪೀಕರ್ ವೈರು

ಅರ್ಧ ಗಂಟೆಯಿಂದ ಸ್ಪೀಕರಿನ ಹಿಂದೆ ನೆಲದ ಮೇಲೆ ಕೂತಿದ್ದೇನೆ. ಎರಡು ದಿನದಿಂದ ಹಾಡು ಮೆತ್ತಗೆ ಕೇಳುತ್ತಿದೆ, ವೈರು ಸಡಿಲವಾಗಿರಬೇಕು ಅಂತ ಬಿಚ್ಚಿದೆ. ಏಳೋಣವೆಂದರೆ ಮಂಡಿ ಒಪ್ಪುತ್ತಿಲ್ಲ. ತುದಿಯ ಪ್ಲಾಸ್ಟಿಕ್ಕನ್ನು ಹಲ್ಲಿನಲ್ಲೇ ಕಚ್ಚಿ ಎಳೆದೆ. ಕಟ್ಟಿಸಿಕೊಂಡ ಹಲ್ಲು, ಡಾಕ್ಟರು ನೋಡಿದ್ದರೆ ಬೈಯುತ್ತಿದ್ದರು. ಬಾಯಿಗೆ ತಾಮ್ರದ ರುಚಿ ಬಂತು ನೋಡಿ, ಎಪ್ಪತ್ತರ ದಶಕದ ನಮ್ಮ ರಾಜಾಜಿನಗರದ ಬಾಡಿಗೆ ಮನೆ ನೆನಪಾಯಿತು.

ಅಪ್ಪ ಆಗ ತಾನೇ ರಿಟೈರ್ ಆಗಿದ್ದರು. ಬಿನ್ನಿಪೇಟೆ ಕಡೆಯ ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ಮಗ್ಗದ ಮುಂದೆ ನಿಂತವರು. ಆ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲವಾದ್ದರಿಂದ ಅಲ್ಲಿಯವರೆಲ್ಲ ಒಬ್ಬರ ತುಟಿ ಇನ್ನೊಬ್ಬರು ನೋಡಿಯೇ ಮಾತು ತಿಳಿಯುತ್ತಿದ್ದರು. ಮನೆಯಲ್ಲೂ ಅದೇ ಅಭ್ಯಾಸ. ಅಮ್ಮನ ಮುಖ ನೋಡುತ್ತ ಸರಿಯಾಗಿಯೇ ಉತ್ತರ ಕೊಡುತ್ತಿದ್ದರು, ಹೀಗಾಗಿ ಅವರ ಕಿವಿ ಎಷ್ಟು ಹೋಗಿದೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ರೇಡಿಯೋಗೆ ಮಾತ್ರ ತುಟಿ ಇಲ್ಲವಲ್ಲ. ಅದಕ್ಕೇ ಹಾಲ್‌ನಲ್ಲಿದ್ದ ರೇಡಿಯೋದಿಂದ ವೈರು ಎಳೆದು ವರಾಂಡದಲ್ಲಿ ಅವರ ಕುರ್ಚಿ ಪಕ್ಕ ಒಂದು ಸ್ಪೀಕರ್ ಇಟ್ಟೆ. ಸಂಜೆಯ ವಾರ್ತೆಗೆ ಅವರು ಅದಕ್ಕೆ ಕಿವಿ ಅಂಟಿಸಿಕೊಂಡು ಕೂರುತ್ತಿದ್ದರು.

ನಾನೋ, ಆ ವಯಸ್ಸಿಗೆ ಎಲ್ಲ ಬಲ್ಲವನು. ರೇಡಿಯೋ ರಿಪೇರಿಯವರು ಮೊದಲೇ ಹೇಳಿದ್ದರು, "ಎಳೆಗಳನ್ನ ಚೆನ್ನಾಗಿ ಹೊಸೆದು, ಸ್ಕ್ರೂ ತಿರುಗೋ ಕಡೆಗೇ ಸುತ್ತು ಗುರು. ಉಲ್ಟಾ ಸುತ್ತಿದ್ರೆ ಬಿಗಿ ಮಾಡಿದಷ್ಟೂ ಆಚೆಗೆ ಬರುತ್ತೆ." ಹೂಂ ಅಂದು ಬಂದೆ. ಮನೆಯಲ್ಲಿ ಯಾವ ಕಡೆಗೆ ಕೈ ಹೋಯಿತೋ ಆ ಕಡೆಗೆ ಸುತ್ತಿ, ಶಬ್ದ ಬಂತಲ್ಲ, ಸಾಕು ಬಿಡು ಅಂತ ಎದ್ದೆ.

ಒಂದೆರಡು ತಿಂಗಳಾಗಿರಬೇಕು. "ನಿಮ್ಮಪ್ಪ ವಾರದಿಂದ ಸರಿಯಾಗಿ ಊಟ ಮಾಡ್ತಿಲ್ಲ ಕಣೋ, ಏನು ಅಂತ ಕೇಳು," ಅಂದಳು ಅಮ್ಮ. ಹೋಗಿ ಪಕ್ಕದಲ್ಲಿ ಕೂತೆ. ಒಳಗೆ ಹಾಲ್‌ನ ರೇಡಿಯೋದಿಂದ ವಾರ್ತೆ ಕೇಳಿಸುತ್ತಿತ್ತು. ಅಪ್ಪ ದಿನದಂತೆ ಸ್ಪೀಕರಿಗೆ ಕಿವಿ ಕೊಟ್ಟು ಕೂತಿದ್ದರು. ಸುಮ್ಮನೆ ಅದರ ಮೇಲೆ ಕೈ ಇಟ್ಟೆ, ಸ್ವಲ್ಪವೂ ಅದುರುತ್ತಿರಲಿಲ್ಲ. ಹಿಂದೆ ನೋಡಿದರೆ ವೈರು ಸ್ಕ್ರೂನಿಂದ ಜಾರಿ ನೆಲ ಮುಟ್ಟಿತ್ತು.

ಈ ಸಲ ರಿಪೇರಿಯವರು ಹೇಳಿದ ಹಾಗೇ ಸುತ್ತಿ ಬಿಗಿ ಮಾಡಿದೆ. ಒಮ್ಮೆಲೇ ದನಿ ಬಂದಾಗ ಅಪ್ಪ ಬೆಚ್ಚಿದರು.

"ವೈರಾ?" ಅಂದರು. "ಕಿವಿ ಪೂರ್ತಿ ಹೋಯ್ತು ಅಂದ್ಕೊಂಡಿದ್ದೆ ಕಣೋ."

"ಹೇಳಬಾರದಿತ್ತಾ ಅಪ್ಪ?"

"ಏನಂತ ಹೇಳ್ಲಿ?"

ಒಂದು ವಾರ ಆ ಮನುಷ್ಯ ಸತ್ತ ಸ್ಪೀಕರಿನ ಮುಂದೆ ಒಬ್ಬರೇ ಕೂತಿದ್ದರು, ನನ್ನ ಸೋಮಾರಿತನಕ್ಕೆ. ನನಗೆ ತಲೆ ಎತ್ತಲಾಗಲಿಲ್ಲ.

ಆಮೇಲೆ ಅವರಿಗೆ ಒಂದು ಮಾತು ರೂಢಿಯಾಯಿತು: "ವೈರ್ ನೋಡು ಸ್ವಲ್ಪ." ಮೊದಮೊದಲು ತಿಂಗಳಿಗೊಮ್ಮೆ, ಕೊನೆಯ ವರ್ಷ ದಿನಾ ಸಂಜೆ. ವೈರು ಗಟ್ಟಿಯಾಗೇ ಇರುತ್ತಿತ್ತು. ಆದರೂ ಬಿಚ್ಚಿ, ಹೊಸೆದು, ಮತ್ತೆ ಸುತ್ತಿ, "ಈಗ ಸರಿಯಾಯ್ತಾ ಅಪ್ಪ?" ಅನ್ನುತ್ತಿದ್ದೆ. "ಹೂಂ, ಈಗ ಪರವಾಗಿಲ್ಲ," ಅನ್ನುತ್ತಿದ್ದರು. ಆಫೀಸಿನಿಂದ ದಣಿದು ಬಂದ ದಿನ ನನಗೆ ಸಾಕುಸಾಕಾಗುತ್ತಿತ್ತು. ಒಂದು ದಿನವೂ ನಾವಿಬ್ಬರೂ ನಿಜ ಆಡಲಿಲ್ಲ.

ಇರಲಿ. ಇವತ್ತಿನ ವೈರನ್ನೂ ಸ್ಕ್ರೂ ತಿರುಗುವ ಕಡೆಗೇ ಸುತ್ತಿ ಬಿಗಿದು ಹಾಡು ಹಾಕಿದೆ. ಮೆತ್ತಗೇ ಇತ್ತು. ಅಡುಗೆ ಮನೆಯಿಂದ ಹೆಂಡತಿ ಬಂದು ಮುಂದೆ ನಿಂತಳು. "ಸೌಂಡ್ ಕಡಿಮೆ ಮಾಡ್ರೀ, ಎರಡು ದಿನದಿಂದ ಪಕ್ಕದ ಮನೆಯವರು ಕಿಟಕಿ ಹಾಕ್ಕೊಂಡಿದಾರೆ."

ವೈರು ಎಳೆದು ನೋಡಿದೆ. ಬರಲಿಲ್ಲ. ಇನ್ನೊಂದು ಸಲ ಬಿಚ್ಚೋಣವೆಂದು ಸ್ಕ್ರೂಡ್ರೈವರ್ ಎತ್ತಿಕೊಂಡವನು ಕೆಳಗಿಟ್ಟೆ.

"ವೈರ್ ಸರಿಯಾಗಿದೆ ಕಣೇ. ನನ್ನ ಕಿವೀನೇ ಹೋಗ್ತಿರೋದು."

ಅವಳು ಹಾಡು ನಿಲ್ಲಿಸಿ, ನನ್ನೆದುರು ನೆಲದ ಮೇಲೆ ಕೂತಳು. "ಗೊತ್ತು," ಅಂದಳು. "ನೀವು ಆರು ತಿಂಗಳಿಂದ ನನ್ನ ತುಟಿ ನೋಡ್ತಿದೀರ."